ಗಿಟಾರಿಗೆ ಎಷ್ಟು ಡಬ್ಬಿ ಬೇಕು?



ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬ ಗಿಟಾರಿನ ಎಫೆಕ್ಟ್ ಪೆಡಲುಗಳ ಕುರಿತು ಅಭಿಪ್ರಾಯ ಬರೆಯಲು ಕುಳಿತಿದ್ದಾನೆಂದರೆ ನಿಮ್ಮಲ್ಲಿ ಅನೇಕರಿಗೆ ನಗು ಬಂದೀತು. ನಗಲು ಅಡ್ಡಿಯಿಲ್ಲ. ನಾನು ಗಿಟಾರ್ ನುಡಿಸುವವನಲ್ಲ. ನನಗಿರುವ ಬಂಡವಾಳವೆಂದರೆ ತರಗತಿಯಲ್ಲಿ ಮತ್ತೆ ಮತ್ತೆ ಹೇಳಿದ ಧ್ವನಿ ವಿಜ್ಞಾನದ ನಾಲ್ಕು ಪಾಠ, ಶಾಲೆಯ ಮೈಕ್ ಸೆಟ್ಟಿನ ಉಸ್ತುವಾರಿ ಹೊತ್ತು ಪಡೆದ ಅನುಭವ, ಮತ್ತು ಕಚೇರಿ ಕೇಳಿ ಕೇಳಿ ಪಳಗಿದ ಕಿವಿ. ಆದರೂ ಈಚೆಗೆ ಮೂರು ಮನೆಗಳಿಂದ ಒಂದೇ ಪ್ರಶ್ನೆ ನನ್ನ ಬಳಿಗೆ ಬಂದಿದೆ: ಮಗ ಅಥವಾ ಮಗಳು ಅಕೂಸ್ಟಿಕ್ ಗಿಟಾರ್ ಕಲಿತಿದ್ದಾರೆ, ಈಗ ಪೆಡಲುಗಳು ಬೇಕೆನ್ನುತ್ತಿದ್ದಾರೆ, ಯಾವುದನ್ನು ಕೊಡಿಸಬೇಕು? ಫೋನಿನಲ್ಲಿ ಮೂರು ಬಾರಿ ಹೇಳಿದ್ದನ್ನು ಒಮ್ಮೆ ಬರೆದುಬಿಡುವುದು ಮೇಲೆನಿಸಿತು.

ಪೆಡಲ್ ಎಂದರೇನೆಂದು ತಿಳಿಯದ ಹಿರಿಯ ಬಂಧುಗಳಿಗಾಗಿ ಒಂದು ಮಾತು. ಇದು ಸೋಪಿನ ಡಬ್ಬಿಗಿಂತ ತುಸು ದೊಡ್ಡದಾದ ಒಂದು ಲೋಹದ ಪೆಟ್ಟಿಗೆ. ಗಿಟಾರಿನಿಂದ ಬರುವ ತಂತಿ ಅದರ ಒಂದು ಬದಿಗೆ ಸೇರುತ್ತದೆ, ಇನ್ನೊಂದು ಬದಿಯಿಂದ ಹೊರಟು ಧ್ವನಿವರ್ಧಕಕ್ಕೆ ಹೋಗುತ್ತದೆ. ನಡುವೆ ನಾದ ಬದಲಾಗುತ್ತದೆ. ಕೈಗಳೆರಡೂ ವಾದ್ಯದ ಮೇಲಿರುವುದರಿಂದ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಕಾಲಿನಿಂದ ಒತ್ತುತ್ತಾರೆ. ಆದ್ದರಿಂದ ಪೆಡಲ್. ಒಂದು ಪೆಟ್ಟಿಗೆ ಪ್ರತಿಧ್ವನಿ ಕೊಡುತ್ತದೆ, ಇನ್ನೊಂದು ಒಂದು ಗಿಟಾರನ್ನು ಎರಡರಂತೆ ಕೇಳಿಸುತ್ತದೆ, ಮತ್ತೊಂದು ನುಡಿಸಿದ್ದನ್ನೇ ನೆನಪಿಟ್ಟುಕೊಂಡು ಸುತ್ತಿಸುತ್ತಲೇ ಇರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಕೂಸ್ಟಿಕ್ ಗಿಟಾರಿಗೆ ಕೊಳ್ಳುವ ಮೊದಲ ಡಬ್ಬಿ, ವಿದ್ಯುತ್ ಸಂಪರ್ಕದಿಂದ ವಾದ್ಯ ಕಳೆದುಕೊಂಡದ್ದನ್ನು ಮರಳಿ ಕೊಡುವಂಥದ್ದಾಗಿರಬೇಕು. ಇಲ್ಲದ್ದನ್ನು ಸೇರಿಸುವ ಡಬ್ಬಿಗಳ ಸರದಿ ಆಮೇಲಿನದು. ಅಂಗಡಿಯಲ್ಲೂ ಅಂತರ್ಜಾಲದ ವೀಡಿಯೋಗಳಲ್ಲೂ ಈ ಕ್ರಮ ಬಹುಮಟ್ಟಿಗೆ ತಲೆಕೆಳಗಾಗಿದೆ.

ಪ್ರಶ್ನೆ ಕೇಳಿದ ಮೂವರಲ್ಲಿ ಒಬ್ಬನ ಸಂಗತಿಯನ್ನು ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಶಾಂತಿನಗರದಲ್ಲಿ ಪುಸ್ತಕಗಳ ಬೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿ ಅವನು. ಮಗಳು ಬಿ.ಕಾಂ. ಓದುತ್ತಾಳೆ, ಭಾವಗೀತೆ ಹಾಡುವ ಒಂದು ಸಣ್ಣ ತಂಡಕ್ಕೆ ಗಿಟಾರ್ ನುಡಿಸುತ್ತಾಳೆ. ಕಾರ್ಯಕ್ರಮವೊಂದಕ್ಕೆ ಅವಳಿಗೆ ಸಿಗುವ ಸಂಭಾವನೆ ಹೆಚ್ಚೇನಲ್ಲವಾದರೂ ಕಾಲೇಜಿನ ಬಸ್ ಪಾಸು, ಪುಸ್ತಕಗಳ ಖರ್ಚು ಅದರಿಂದಲೇ ಕಳೆಯುತ್ತದೆ. ಎರಡು ಮೂರು ಕಾರ್ಯಕ್ರಮಗಳಲ್ಲಿ ಅವಳ ಗಿಟಾರು ಮೈಕ್ ಸೆಟ್ಟಿನಲ್ಲಿ ತಗಡು ಬಡಿದಂತೆ ಕೇಳಿಸಿತಂತೆ. ಹಾಡುವವರು ಬೇಸರಗೊಂಡು, ಕೀಬೋರ್ಡಿನಲ್ಲೇ ಗಿಟಾರ್ ಟೋನ್ ಇದೆಯಲ್ಲ, ಅದನ್ನೇ ಇಟ್ಟುಕೊಳ್ಳೋಣ ಎಂದರು. ಹುಡುಗಿ ಗಾಬರಿಯಾಗಿ ಒಂದು ಅಂಗಡಿಯಲ್ಲಿ ವಿಚಾರಿಸಿದಳು. ಅವರು ಕೊಟ್ಟ ಪಟ್ಟಿಯಲ್ಲಿ ಕಂಪ್ರೆಸರ್, ಕೋರಸ್, ಡಿಲೇ, ರಿವರ್ಬ್, ಲೂಪರ್, ಟ್ಯೂನರ್, ಇವನ್ನೆಲ್ಲ ಜೋಡಿಸಲು ಹಲಗೆ, ವಿದ್ಯುತ್ ಪೂರೈಸಲು ಮತ್ತೊಂದು ಪೆಟ್ಟಿಗೆ ಇದ್ದವು. ಒಟ್ಟು ನಲವತ್ತು ಸಾವಿರಕ್ಕೂ ಹೆಚ್ಚು. "ಸರ್, ಚೀಟಿ ಎತ್ತಿಬಿಡಲೇ?" ಎಂದು ಅವನು ಕೇಳಿದಾಗ ನನಗೆ ಸುಮ್ಮನಿರಲಾಗಲಿಲ್ಲ. ಆ ಪಟ್ಟಿಯಲ್ಲಿ ಅವಳ ತೊಂದರೆಗೆ ಮದ್ದಾಗುವ ವಸ್ತು ಒಂದೂ ಇರಲಿಲ್ಲ!

ಮರುದಿನ ಇಬ್ಬರೂ ವಿಲ್ಸನ್ ಗಾರ್ಡನ್‌ನ ನಮ್ಮ ಮನೆಗೆ ಗಿಟಾರ್ ಸಮೇತ ಬಂದರು. ತಂತಿ ಸಿಕ್ಕಿಸದೆ, ಬರಿಯ ಮರದ ವಾದ್ಯವಾಗಿ ಅದನ್ನು ಅವಳು ನುಡಿಸಿದಾಗ ನಾದ ತುಂಬಿಕೊಂಡು ಚೆನ್ನಾಗಿಯೇ ಇತ್ತು. ಅಂದರೆ ದೋಷ ಮರದಲ್ಲೂ ಇಲ್ಲ, ಬೆರಳಲ್ಲೂ ಇಲ್ಲ. ಮತ್ತೆಲ್ಲಿ?

ಇಲ್ಲಿ ಸ್ವಲ್ಪ ಪಾಠ ಮಾಡಬೇಕಾಗಿದೆ, ಸಹಿಸಿಕೊಳ್ಳಿ. ಗಿಟಾರಿನ ತಂತಿ ಬಲು ತೆಳು. ಅದೊಂದೇ ಅಲುಗಾಡಿದರೆ ಗಾಳಿಯನ್ನು ಹೆಚ್ಚೇನೂ ನೂಕಲಾರದು. ತಂತಿಯ ಕಂಪನ ಕುದುರೆಯ ಮೂಲಕ ಮೇಲಿನ ಹಲಗೆಗೆ ಇಳಿದು, ಹಲಗೆ ಮತ್ತು ಒಡಲೊಳಗಿನ ಗಾಳಿ ಎರಡೂ ಅಲುಗಿದಾಗಲೇ ನಾವು ಕೇಳುವ ನಾದ ಹುಟ್ಟುವುದು. ತಂಬೂರಿಗೆ ಬುರುಡೆ ಇರುವುದು ಇದಕ್ಕೇ. ಆದರೆ ಈಗಿನ ಬಹುಪಾಲು ಗಿಟಾರುಗಳಲ್ಲಿ ಪಿಕಪ್ಪನ್ನು ಕೂಡಿಸುವುದು ಕುದುರೆಯ ಮೇಲಿನ ಸಣ್ಣ ಪಟ್ಟಿಯ ಕೆಳಗೆ. ಪೀಜೋ ಎಂದು ಅದರ ಹೆಸರು. ಒತ್ತಿದರೆ ವಿದ್ಯುತ್ ಹುಟ್ಟಿಸುವ ಗುಣ ಕೆಲವು ಹರಳುಗಳಿಗಿದೆ ಎಂದು ಫ್ರಾನ್ಸಿನ ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರು. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ಟಕ್ಕೆಂದು ಕಿಡಿ ಹಾರಿಸುವುದೂ ಇದೇ ತತ್ತ್ವದಿಂದ. ಈ ಪೀಜೋ ಕೇಳಿಸಿಕೊಳ್ಳುವುದು ಕುದುರೆಯ ಮೇಲೆ ತಂತಿ ಹಾಕುವ ಒತ್ತಡವನ್ನು. ಒಡಲೊಳಗಿನ ಗಾಳಿ ಅದಕ್ಕೆ ಬಹುತೇಕ ಕೇಳಿಸದು. ವ್ಯಕ್ತಿಯ ಎದೆಗೂಡನ್ನೂ ಬಾಯಿಯನ್ನೂ ಬಿಟ್ಟು ಗಂಟಲಿಗಷ್ಟೇ ಮೈಕ್ ಅಂಟಿಸಿದ ಹಾಗೆ.

ಇದು ಮೊದಲ ನಷ್ಟ. ಎರಡನೆಯದು ಇದಕ್ಕಿಂತ ದೊಡ್ಡದು, ಆದರೆ ಸುಲಭವಾಗಿ ತುಂಬಿಕೊಳ್ಳಬಹುದಾದದ್ದು. ಪೀಜೋ ಎಂಬುದು ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಪುಟ್ಟ ಧಾರಕ. ಪುಟ್ಟ ಧಾರಕದ ಮುಂದೆ ಕಡಿಮೆ ರೋಧ ಇಟ್ಟರೆ ತಗ್ಗು ಸ್ವರಗಳು ಸೋರಿಹೋಗುತ್ತವೆ. ಹತ್ತನೆಯ ತರಗತಿಯಲ್ಲಿ ನಿದ್ದೆ ಮಾಡದವರು ಲೆಕ್ಕ ಹಾಕಿ ನೋಡಿ: ಪೀಜೋದ ಧಾರಕತೆಯನ್ನು ಒಂದು ನ್ಯಾನೋಫ್ಯಾರಡ್ ಎಂದಿಟ್ಟುಕೊಳ್ಳೋಣ. ಮಿಕ್ಸರಿನ ಸಾಮಾನ್ಯ ಲೈನ್ ಕಿಂಡಿಯ ರೋಧ ಸುಮಾರು 10,000 ಓಮ್. ಆಗ ಸುಮಾರು 16,000 ಹರ್ಟ್ಸ್‌ನಿಂದ ಕೆಳಗಿನದೆಲ್ಲ ಇಳಿಯುತ್ತಾ ಹೋಗುತ್ತದೆ, ಸ್ವರ ತಗ್ಗಿದಷ್ಟೂ ನಷ್ಟ ಹೆಚ್ಚು. ಗಿಟಾರಿನ ಅತಿ ತಗ್ಗಿನ ತಂತಿಯ ಆವೃತ್ತಿ 82 ಹರ್ಟ್ಸ್! ಬಿಡಿ, ಅದಕ್ಕೆ ಉಳಿಗಾಲವೇ ಇಲ್ಲ. ಮೈಕ್ ಸೆಟ್ಟಿನವರು ತಂದಿರುವ ಸಾಧಾರಣ ಡಿ.ಐ. ಪೆಟ್ಟಿಗೆಯ ರೋಧ ಒಂದು ಲಕ್ಷ ನಲವತ್ತು ಸಾವಿರ ಓಮ್ ಎಂದುಕೊಂಡರೂ ನಷ್ಟದ ಗಡಿ 1,100 ಹರ್ಟ್ಸ್‌ನ ಆಚೆಗೇ ಇರುತ್ತದೆ. ಹತ್ತು ಲಕ್ಷ ಓಮ್ ಆದರೆ ಗಡಿ 160ಕ್ಕೆ ಇಳಿಯುತ್ತದೆ. ಒಂದು ಕೋಟಿ ಓಮ್ ಆದರೆ 16ಕ್ಕೆ, ಅಂದರೆ ಮನುಷ್ಯನ ಕಿವಿಗೆ ಕೇಳಿಸುವ ಸೀಮೆಯಿಂದಲೇ ಕೆಳಕ್ಕೆ. ಪಿಕಪ್ಪಿನಿಂದ ಪಿಕಪ್ಪಿಗೆ ಅಂಕಿಗಳು ಬೇರೆಯಾದಾವು, ಲೆಕ್ಕದ ದಾರಿ ಬದಲಾಗದು.

ಹುಡುಗಿಯ ಗಿಟಾರಿಗೆ ಪಿಕಪ್ಪನ್ನು ಆಮೇಲೆ ಹಾಕಿಸಿದ್ದು. ಒಳಗೆ ಬ್ಯಾಟರಿ ಇಲ್ಲ. ಅದನ್ನು ನೇರವಾಗಿ ಮಿಕ್ಸರಿನ ಕಿಂಡಿಗೆ ಸಿಕ್ಕಿಸುತ್ತಿದ್ದರು. ತಗಡಿನ ಸದ್ದು ಬರದೆ ಇನ್ನೇನು ಬಂದೀತು? ಇಂಥ ಸಂಕೇತಕ್ಕೆ ಎಷ್ಟು ಸಾವಿರದ ಕೋರಸ್ ಸೇರಿಸಿದರೂ ಒಂದು ತಗಡು ಎರಡು ತಗಡಾಗುತ್ತದೆ, ರಿವರ್ಬ್ ಸೇರಿಸಿದರೆ ತಗಡು ದೇವಸ್ಥಾನದೊಳಗೆ ಬಡಿದುಕೊಳ್ಳುತ್ತದೆ.

ಆದ್ದರಿಂದ ಮೊದಲ ಡಬ್ಬಿ ಯಾವುದೆಂದರೆ ಅಕೂಸ್ಟಿಕ್ ಪ್ರಿ-ಆಂಪ್. ಕೊಳ್ಳುವಾಗ ಬಣ್ಣ ನೋಡಬೇಡಿ, ಅದರ ಒಳಹರಿವಿನ ರೋಧ ಎಷ್ಟೆಂದು ಕೇಳಿ. ಹತ್ತು ಲಕ್ಷ ಓಮ್‌ಗೆ ಕಡಿಮೆಯಿದ್ದರೆ ಬೇಡ, ಒಂದು ಕೋಟಿಯ ಹತ್ತಿರವಿದ್ದರೆ ಒಳ್ಳೆಯದು. ಅದರಲ್ಲೇ ತಗ್ಗು, ನಡು, ಮೇಲಿನ ಸ್ವರಗಳನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಗಳಿರಲಿ. ಪೀಜೋದಲ್ಲಿ ಬಾತುಕೋಳಿ ಕೂಗಿದಂತಹ ಒಂದು ಒರಟು ಇರುತ್ತದಲ್ಲ, ಅದು ಹೆಚ್ಚಾಗಿ ಒಂದೂವರೆಯಿಂದ ಮೂರು ಸಾವಿರ ಹರ್ಟ್ಸ್‌ಗಳ ನಡುವೆ ಕುಳಿತಿರುತ್ತದೆ; ಅಲ್ಲಿ ಸ್ವಲ್ಪ ತಗ್ಗಿಸಿದರೆ ಅರ್ಧ ಕಾಯಿಲೆ ವಾಸಿ. ಡಬ್ಬಿಯ ಹಿಂದೆ ಡಿ.ಐ. ಹೊರದಾರಿಯೂ ಇರಬೇಕು. ವೇದಿಕೆಯಿಂದ ಮಿಕ್ಸರ್ ಇಪ್ಪತ್ತು ಮೂವತ್ತು ಮೀಟರ್ ದೂರವಿರುವ ನಮ್ಮ ಬಯಲು ಕಾರ್ಯಕ್ರಮಗಳಲ್ಲಿ ಇದು ಗದ್ದಲವಿಲ್ಲದೆ ಸಂಕೇತವನ್ನು ಅಲ್ಲಿಗೆ ಮುಟ್ಟಿಸುತ್ತದೆ. ಮಿಕ್ಸರ್ ನಿರ್ವಹಿಸುವವರ ಮರ್ಜಿ ಕಾಯುವುದೂ ತಪ್ಪುತ್ತದೆ. ಗಿಟಾರಿನೊಳಗೆ ಬ್ಯಾಟರಿಯ ಪ್ರಿ-ಆಂಪ್ ಮೊದಲೇ ಇರುವವರಿಗೆ ರೋಧದ ಚಿಂತೆಯಿಲ್ಲ, ಅವರು ಇದನ್ನು ಕೊಳ್ಳುವುದಾದರೆ ಗುಂಡಿಗಳಿಗಾಗಿಯೂ ಡಿ.ಐ.ಗಾಗಿಯೂ ಕೊಳ್ಳಬಹುದು. (ನುಡಿಸದಿರುವಾಗ ಕೇಬಲನ್ನು ಗಿಟಾರಿನಿಂದ ಕೀಳಿ. ಸಿಕ್ಕಿಸಿದ್ದಷ್ಟು ಹೊತ್ತೂ ಆ ಬ್ಯಾಟರಿ ಉರಿಯುತ್ತಲೇ ಇರುತ್ತದೆ.)

ಇನ್ನು ಕೂಗುವ ರೋಗ. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು ಬಾಯಿ ತೆರೆಯುವ ಮೊದಲೇ ಮೈಕು ಕುಯ್ಯೆಂದು ಕಿರುಚುತ್ತಿದ್ದುದೂ ನೀವೆಲ್ಲ ಕಿವಿ ಮುಚ್ಚಿಕೊಂಡು ನಗುತ್ತಿದ್ದುದೂ ನೆನಪಿರಬೇಕು. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಹೋಗಿ, ಸುತ್ತಿ ಸುತ್ತಿ ಬೆಳೆಯುವುದರ ಫಲ ಅದು. ಅಕೂಸ್ಟಿಕ್ ಗಿಟಾರು ಇದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತದೆ, ಏಕೆಂದರೆ ಅದರ ಟೊಳ್ಳು ಒಡಲೇ ಒಂದು ಕಿವಿ. ದೊಡ್ಡ ಒಡಲಿನ ಗಿಟಾರಿನೊಳಗಿನ ಗಾಳಿಯ ಸ್ವಂತ ಆವೃತ್ತಿ ನೂರು ಹರ್ಟ್ಸ್‌ನ ಆಸುಪಾಸು. ಐದನೆಯ ತಂತಿ 110. ಎರಡೂ ನೆರೆಹೊರೆ. ಹಾಗಾಗಿ ಆ ತಂತಿಯನ್ನು ಮೀಟಿದಾಗ ಊಊ ಎಂದು ಇಡೀ ವೇದಿಕೆ ಗುಂಯ್‌ಗುಡುತ್ತದೆ. ಒಳ್ಳೆಯ ಪ್ರಿ-ಆಂಪುಗಳಲ್ಲಿ ನಾಚ್ ಎಂಬ ಗುಂಡಿ ಇರುತ್ತದೆ; ಆ ಒಂದು ಕಿರಿದಾದ ಪಟ್ಟಿಯನ್ನಷ್ಟೇ ಕೊಯ್ದು ತೆಗೆಯುತ್ತದೆ, ಉಳಿದ ನಾದಕ್ಕೆ ಹೆಚ್ಚಿನ ಬಾಧೆಯಿಲ್ಲ. ನಾಚ್ ಇಲ್ಲವೆಂದು ಕೊರಗಬೇಡಿ, ಗಿಟಾರಿನ ದುಂಡು ಬಾಯಿಗೆ ಹಾಕುವ ರಬ್ಬರ್ ಮುಚ್ಚಳ ಇದೇ ಕೆಲಸವನ್ನು ತುಂಬ ಕಡಿಮೆ ಹಣಕ್ಕೆ ಮಾಡಿಕೊಡುತ್ತದೆ. ಇದಕ್ಕಿಂತಲೂ ಅಗ್ಗದ ಉಪಾಯವೊಂದಿದೆ: ಸ್ಪೀಕರಿನ ಮುಂದೆ ಕೂರದೆ ಹಿಂದಕ್ಕೆ ಕೂರುವುದು.

ಪೆಡಲುಗಳ ಬಗ್ಗೆ ನನಗೆ ದ್ವೇಷವಿದೆಯೆಂದು ಭಾವಿಸಬಾರದು. ಅವುಗಳ ಹುಟ್ಟು ಬೇರೆ ಸಂಸಾರದಲ್ಲಿ ಆದದ್ದು ಎಂಬುದನ್ನಷ್ಟೇ ನೆನಪಿಸುತ್ತಿದ್ದೇನೆ. ಅಮೆರಿಕದ ಗಿಬ್ಸನ್ ಕಂಪನಿಯವರು 1962ರಲ್ಲಿ ಮಾರಾಟಕ್ಕೆ ತಂದ ಒಂದು ಡಬ್ಬಿ ಈ ವಂಶದ ಹಿರಿಯರಲ್ಲೊಂದು. ಅದರ ಹೆಸರು ಮೇಸ್ಟ್ರೋ ಫಜ್-ಟೋನ್. (ಮೇಷ್ಟ್ರ ಹೆಸರಿನಲ್ಲಿ ಶುರುವಾದ ವಂಶ ಎಂದು ನಾನು ಹೆಮ್ಮೆ ಪಡಬಹುದು!) ಎಲೆಕ್ಟ್ರಿಕ್ ಗಿಟಾರಿನ ಒಡಲು ಗಟ್ಟಿ ಹಲಗೆ, ಸ್ವತಃ ಅದು ಹೆಚ್ಚು ಸದ್ದು ಮಾಡದು. ಅಲ್ಲಿ ನಾದದ ಬಹುಭಾಗ ಪೆಟ್ಟಿಗೆಗಳಲ್ಲೇ ತಯಾರಾಗಬೇಕು, ಆದ್ದರಿಂದ ಪೆಟ್ಟಿಗೆಗಳ ಸಾಲು ಅಲ್ಲಿ ಸಹಜ. ಅದೇ ಸಾಲನ್ನು, ಒಡಲೇ ವಾದ್ಯವಾಗಿರುವ ಗಿಟಾರಿಗೆ ಅಂಟಿಸುವುದು ನನಗೆ ಸರಿಯೆನಿಸುವುದಿಲ್ಲ.

ಹಾಗೆ ನೋಡಿದರೆ ನಮ್ಮ ವಾದ್ಯಗಳಲ್ಲಿ ಎಫೆಕ್ಟನ್ನು ಮರದೊಳಗೇ ಕೂರಿಸಿದ್ದಾರೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲೆಳೆ ಇಡುತ್ತಾರೆ, ಅದಕ್ಕೆ ಜೀವ ಎಂದೇ ಹೆಸರು. ಎಳೆಯನ್ನು ಕೂದಲಿನಷ್ಟು ಸರಿಸಿದರೆ ಸತ್ತಿದ್ದ ತಂತಿ ಝೇಂಕರಿಸತೊಡಗುತ್ತದೆ. ಸರ್ ಸಿ. ವಿ. ರಾಮನ್ ಬೆಂಗಳೂರಿಗೆ ಬರುವುದಕ್ಕೆ ಮುಂಚೆ, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ಇದರ ಮೇಲೆ ಒಂದು ಲೇಖನವನ್ನೇ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದೆಂದು ಪಾಶ್ಚಾತ್ಯ ನಿಯಮ ಹೇಳುತ್ತದೆಯೋ, ತಂಬೂರಿ ಮತ್ತು ವೀಣೆಗಳಲ್ಲಿ ಆ ಉಪಸ್ವರವೂ ಗಟ್ಟಿಯಾಗಿ ಕೇಳಿಸುತ್ತದೆ ಎಂದು ತೋರಿಸಿ, ಕುದುರೆಯ ಬಾಗಿದ ಮೈಯೇ ಇದಕ್ಕೆ ಕಾರಣವೆಂದರು. ಮೃದಂಗದ ಬಲಮುಖದ ಕಪ್ಪು ಕರಣೆಯ ಕುರಿತೂ ಅವರು ಅದಕ್ಕೆ ಒಂದು ವರ್ಷ ಮುಂಚೆ ಬರೆದಿದ್ದರು. ಆ ನೂಲೆಳೆಗೆ ವಿದ್ಯುತ್ ಬೇಡ, ಅಡಾಪ್ಟರ್ ಬೇಡ, ಕಂತು ಕಟ್ಟಬೇಕಾಗಿಯೂ ಇಲ್ಲ.

ಇಷ್ಟು ಹೇಳಿದೊಡನೆ ಇನ್ನೊಂದು ಪಕ್ಷದವರು ನನ್ನನ್ನು ತಮ್ಮವನೆಂದು ಅಪ್ಪಿಕೊಳ್ಳಲು ಬರುತ್ತಾರೆ: ಹಾಗಾದರೆ ವಿದ್ಯುತ್ತೇ ಬೇಡ ಮೇಷ್ಟ್ರೇ, ಮರದ ವಾದ್ಯ ಮರದಂತೆಯೇ ಕೇಳಲಿ! ಅದೂ ನನಗೆ ಒಪ್ಪಿಗೆಯಿಲ್ಲ. ವೀಣೆಗೆ ಕಾಂಟ್ಯಾಕ್ಟ್ ಮೈಕ್ ಬಂದಾಗಲೂ ಇಂಥದೇ ವಾದ ನಡೆಯಿತು. ನೂರು ಜನರ ಕೋಣೆಯಲ್ಲಿ ಬರಿಗಿಟಾರು ಕೇಳಿಸೀತು. ಹೊಸೂರು ರಸ್ತೆಯ ವಾಹನಗಳ ಮೊರೆತದ ಪಕ್ಕದಲ್ಲಿ, ತಬಲಾ, ಕೀಬೋರ್ಡು, ರಿದಂ ಪ್ಯಾಡುಗಳ ನಡುವೆ ಕುಳಿತ ಹುಡುಗಿಗೆ ವಿದ್ಯುತ್ ಬೇಡ ಎನ್ನುವುದೂ ಒಂದೇ, ನೀನು ಬರಬೇಡ ಎನ್ನುವುದೂ ಒಂದೇ. ಮೈಸೂರಿನ ರಘು ದೀಕ್ಷಿತ್ ಅವರು ಗಿಟಾರ್ ಹಿಡಿದೇ ಶಿಶುನಾಳ ಶರೀಫರ ಪದಗಳನ್ನು ಹೊಸ ತಲೆಮಾರಿಗೆ ಮುಟ್ಟಿಸಿದವರು. ಮೈದಾನದಲ್ಲಿ ಸೇರಿದ ಸಾವಿರಾರು ಜನಕ್ಕೆ ಅದನ್ನು ಬರಿಯ ಮರದಿಂದ ಮುಟ್ಟಿಸಲಾದೀತೇ?

ಈಗ ಎಲ್ಲರ ಪ್ರೀತಿಯ ರಿವರ್ಬ್‌ಗೆ ಬರೋಣ. ನಮ್ಮ ಮೈಕ್ ಸೆಟ್ಟಿನವರ ಭಾಷೆಯಲ್ಲಿ ಎಕೋ. ಪಾಠದಲ್ಲಿ ನಾವು ಇವೆರಡನ್ನೂ ಬೇರೆ ಮಾಡಿ ಓದಿದ್ದೆವು: ಸದ್ದು ಹತ್ತನೇ ಒಂದು ಸೆಕೆಂಡಿನಷ್ಟು ತಡವಾಗಿ ಮರಳಿದರೆ ಬೇರೆಯಾಗಿ ಕೇಳಿಸುವ ಪ್ರತಿಧ್ವನಿ, ಅದಕ್ಕೂ ಬೇಗ, ನೂರಾರು ಕಡೆಯಿಂದ ಒಟ್ಟೊಟ್ಟಿಗೆ ಮರಳಿದರೆ ಒಂದರೊಳಗೊಂದು ಕಲೆತ ಅನುರಣನೆ. ಡಿಲೇ ಪೆಡಲ್ ಮೊದಲನೆಯದು, ರಿವರ್ಬ್ ಪೆಡಲ್ ಎರಡನೆಯದು. ವಿಜಯಪುರದ ಗೋಳಗುಮ್ಮಟದೊಳಗಿನ ವ್ಯಾಸ ಸುಮಾರು 38 ಮೀಟರ್. ಪಿಸುಗುಟ್ಟುವ ಗ್ಯಾಲರಿಯ ಒಂದು ಬದಿಯಲ್ಲಿ ತಟ್ಟಿದ ಚಪ್ಪಾಳೆ ಎದುರು ಗೋಡೆಗೆ ಹೋಗಿ ಬರಲು 76 ಮೀಟರ್ ಕ್ರಮಿಸಬೇಕು, ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ. ಶಾಲಾ ಪ್ರವಾಸದಲ್ಲಿ ನೀವು ಅಲ್ಲಿ ನಿಮ್ಮ ನಿಮ್ಮ ಹೆಸರು ಕೂಗಿದ್ದು 1656ರ ಡಿಲೇ ಪೆಡಲಿನೊಳಗೆ!

ರಿವರ್ಬ್ ಬೇಕೇ ಬೇಡವೇ ಎಂಬುದು ಗಿಟಾರಿಗಿಂತ ಹೆಚ್ಚಾಗಿ ಜಾಗಕ್ಕೆ ಸಂಬಂಧಿಸಿದ ಪ್ರಶ್ನೆ. ಹಾರ್ವರ್ಡ್‌ನ ವ್ಯಾಲೇಸ್ ಸಬೈನ್ ಎಂಬ ಭೌತವಿಜ್ಞಾನದ ಮೇಷ್ಟ್ರು 1890ರ ದಶಕದಲ್ಲಿ ರಾತ್ರಿಯ ವೇಳೆ ಒಂದು ಉಪನ್ಯಾಸ ಮಂದಿರಕ್ಕೆ ಕುರ್ಚಿಯ ಮೆತ್ತೆಗಳನ್ನು ಹೊತ್ತುಹಾಕಿ, ಪ್ರತಿ ಸಲವೂ ಸದ್ದು ಆರಲು ಎಷ್ಟು ಸೆಕೆಂಡು ಬೇಕೆಂದು ಅಳೆದು ಒಂದು ಸೂತ್ರ ಕೊಟ್ಟರು. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೈಯಿಂದ ಭಾಗಿಸುವುದು. ನಮ್ಮ ಒಂದು ಮಧ್ಯಮ ಕಲ್ಯಾಣ ಮಂಟಪವನ್ನು ತೆಗೆದುಕೊಳ್ಳಿ: ಉದ್ದ 20 ಮೀಟರ್, ಅಗಲ 12, ಎತ್ತರ 5. ನೆಲ ಗ್ರಾನೈಟ್, ಗೋಡೆ ಎಣ್ಣೆಬಣ್ಣ. ಇಂಥ ಮೈ ಸದ್ದಿನ ನೂರರಲ್ಲಿ ನಾಲ್ಕು ಪಾಲು ಹೀರುತ್ತದೆಂದು ಹಿಡಿದರೆ ಖಾಲಿ ಮಂಟಪದಲ್ಲಿ ಸದ್ದು ಆರಲು ಸುಮಾರು ಆರು ಸೆಕೆಂಡು ಹಿಡಿಯುತ್ತದೆ. ಇನ್ನೂರು ಜನ ಬಂದು ಕುಳಿತು, ತಲಾ ಅರ್ಧ ಚದರ ಮೀಟರಿಗೆ ತುಸು ಕಡಿಮೆಯಷ್ಟು ಹೀರಿದರೂ ಅದು ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ.

ಇದರಿಂದ ತಿಳಿಯುವುದೇನು? ಒಂದು, ಛತ್ರದೊಳಗೆ ರಿವರ್ಬ್ ಪೆಡಲ್ ಒತ್ತುವುದೆಂದರೆ ತುಂಬಿ ಹರಿಯುವ ಮೋರಿಗೆ ಇನ್ನೊಂದು ಕೊಡ ನೀರು ಸುರಿದಂತೆ. ಎರಡು, ಸಂಜೆ ನಾಲ್ಕಕ್ಕೆ ಖಾಲಿ ಮಂಟಪದಲ್ಲಿ ಗುಂಡಿಗಳನ್ನು ಸರಿಪಡಿಸಿ ಅಂಟುಪಟ್ಟಿ ಹಚ್ಚಿ ಕುಳಿತರೆ ಏಳಕ್ಕೆ ಅದು ಯಾವ ಕೆಲಸಕ್ಕೂ ಬಾರದು. ಆದರೆ ಬಯಲಿನ ಮಾತು ಬೇರೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಚಪ್ಪರದಲ್ಲಿ ಕಚೇರಿ ಕೇಳಿದವರಿಗೆ ಗೊತ್ತು, ಅಲ್ಲಿ ಸದ್ದು ಮರಳಿ ಬರಲು ಗೋಡೆಗಳಿಲ್ಲ. ಬೀದಿಯ ರಾಜ್ಯೋತ್ಸವ, ಗಣೇಶನ ಪೆಂಡಾಲುಗಳಲ್ಲೂ ಹಾಗೆಯೇ. ಅಲ್ಲಿ ಪೀಜೋ ಗಿಟಾರು ಒಣಒಣವಾಗಿ ಕೇಳಿಸುತ್ತದೆ, ಒಂದು ಸೆಕೆಂಡಿಗೆ ಮೀರದ ಮೆಲ್ಲನೆಯ ರಿವರ್ಬ್ ಅದಕ್ಕೆ ಉಸಿರು ಕೊಡುತ್ತದೆ. ಅದರ ಗುಂಡಿಯನ್ನು ಎಷ್ಟು ತಿರುಗಿಸಬೇಕು? ಇದ್ದುದು ಗೊತ್ತಾಗಬಾರದು, ತೆಗೆದಾಗ ಏನೋ ಕಡಿಮೆಯಾಯಿತಲ್ಲ ಎನಿಸಬೇಕು. ಸಾರಿನಲ್ಲಿ ಇಂಗಿನಂತೆ.

ಭಾವಗೀತೆಗೆ ನುಡಿಸುವವರಿಗಂತೂ ಇದು ಇನ್ನಷ್ಟು ಮುಖ್ಯ. ಕಾಳಿಂಗರಾಯರಿಂದ ಮೈಸೂರು ಅನಂತಸ್ವಾಮಿಯವರು, ಅಶ್ವಥ್ ಅವರವರೆಗೆ ಸುಗಮ ಸಂಗೀತದ ದೊಡ್ಡವರೆಲ್ಲ ನಮ್ಮ ಕಿವಿಗೆ ತಲುಪಿಸಿದ್ದು ಕವಿಯ ಮಾತನ್ನು. ಗಿಟಾರಿನ ಬಾಲ ಮುಂದಿನ ಪದದ ಮೇಲೆ ಬಿದ್ದರೆ ಕೇಳುವವನಿಗೆ ಬೇಂದ್ರೆಯೂ ಒಂದೇ, ಬೇಡಿಕೆ ಪಟ್ಟಿಯೂ ಒಂದೇ. ಡಿಲೇ ಬಳಸಲೇಬೇಕೆಂದಿದ್ದರೆ ತಾಳಕ್ಕೆ ಹೊಂದಿಸಿ ಬಳಸಿ: 60,000ವನ್ನು ನಿಮಿಷದ ಎಣಿಕೆಯಿಂದ ಭಾಗಿಸಿ. ನಿಮಿಷಕ್ಕೆ 80 ಎಣಿಕೆಯ ಹಾಡಿಗೆ 750 ಮಿಲಿಸೆಕೆಂಡ್. ಈ ಭಾಗಾಕಾರ ಮಾಡದೆ ಡಿಲೇ ಒತ್ತುವವರು ತಬಲದವರ ಶಾಪಕ್ಕೆ ಗುರಿಯಾಗುತ್ತಾರೆ.

ಪಟ್ಟಿಯಲ್ಲಿ ಉಳಿದವುಗಳ ಮೇಲೆ ಹೆಚ್ಚು ಮಾತು ಬೇಡ. ಟ್ಯೂನರ್ ಬೇಕು, ಆದರೆ ಗಿಟಾರಿನ ತಲೆಗೆ ಕಚ್ಚಿಸುವ ಅಗ್ಗದ ಚಿಮಟದಂಥದು ಸಾಕು. ಕಂಪ್ರೆಸರ್ ಜೋರಿನದನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುತ್ತದೆ. ಒಮ್ಮೆ ಬೆರಳಿನಿಂದ ಬಿಡಿಸಿ, ಮತ್ತೊಮ್ಮೆ ಬಾರಿಸುವವರಿಗೆ ಅನುಕೂಲವೇ ಆದರೂ, ಮೆಲ್ಲಗಿನದರ ಜೊತೆ ಗದ್ದಲವನ್ನೂ ಕೂಗನ್ನೂ ಎತ್ತುವುದರಿಂದ ಕಲಿಯುವವರಿಗೆ ಅದು ತಲೆನೋವು. ಜೋರು ಮೆಲುಪುಗಳನ್ನು ಬೆರಳೇ ಕಲಿಯಲಿ. ಕೋರಸ್ ಒಂದು ಹಾಡಿಗೆ ಸೊಗಸು, ಎರಡನೆಯದಕ್ಕೆ ಬೇಸರ. ಲೂಪರ್ ಒಬ್ಬಂಟಿಯಾಗಿ ಕಾರ್ಯಕ್ರಮ ಕೊಡುವವರಿಗೆ ನಿಜಕ್ಕೂ ದೊಡ್ಡ ಆಸ್ತಿ, ಮನೆಯಲ್ಲಿ ತಾಳದ ಅಭ್ಯಾಸಕ್ಕೂ ಒಳ್ಳೆಯದು; ಐದು ಜನರ ತಂಡದಲ್ಲಿ ಅದಕ್ಕೆ ಕೆಲಸವಿಲ್ಲ.

ಈಚಿನ ಒಂದು ಜಾತಿಯ ಡಬ್ಬಿಗಳ ಬಗ್ಗೆ ಮಾತ್ರ ನನಗೆ ಗೌರವವಿದೆ. ಒಳ್ಳೆಯ ಮೈಕಿನ ಮುಂದೆ ಗಿಟಾರಿನ ಒಡಲು ಹೇಗೆ ಮಾರ್ನುಡಿಯುತ್ತದೆಂಬುದನ್ನು ಅಳೆದಿಟ್ಟುಕೊಂಡು, ಪೀಜೋದ ಒಣ ಸದ್ದಿಗೆ ಆ ಗುಣವನ್ನು ಲೆಕ್ಕದಿಂದ ಬೆರೆಸುತ್ತವೆ. ಫಿಶ್‌ಮನ್‌ನವರ ಆರಾ, ಎಲ್. ಆರ್. ಬ್ಯಾಗ್ಸ್‌ನವರ ವಾಯ್ಸ್‌ಪ್ರಿಂಟ್ ಈ ಜಾತಿಯವು. ಮರ ಕಳೆದುಕೊಂಡದ್ದನ್ನು ಮರಕ್ಕೇ ಹಿಂದಿರುಗಿಸುವ ಪ್ರಯತ್ನ ಅದು. ಬೆಲೆ ಹೆಚ್ಚು. ದುಡಿಯಲು ತೊಡಗಿದ ಮೇಲೆ ಕೊಳ್ಳಬಹುದು.

ಬೈಂಡಿಂಗ್ ಅಂಗಡಿಯವನ ಮಗಳು ಕೊನೆಗೆ ಕೊಂಡದ್ದು ಡಿ.ಐ. ಸಹಿತವಾದ ಒಂದು ಪ್ರಿ-ಆಂಪ್, ರಬ್ಬರ್ ಮುಚ್ಚಳ, ಕಚ್ಚಿಸುವ ಟ್ಯೂನರ್. ಪಟ್ಟಿಯ ಮೊತ್ತದ ಮೂರನೇ ಒಂದು ಭಾಗವೂ ಆಗಲಿಲ್ಲ, ಚೀಟಿ ಎತ್ತಬೇಕಾಗಿ ಬರಲಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಎರಡನೆಯ ಹಾಡಿನ ಹೊತ್ತಿಗೆ ಕೀಬೋರ್ಡಿನ ಹುಡುಗ ತಾನಾಗಿಯೇ ಗಿಟಾರ್ ಟೋನ್ ಬಿಟ್ಟು ಕೊಳಲಿನ ಟೋನಿಗೆ ಹೋದ. ಅವಳನ್ನು ತಂಡದಲ್ಲಿ ಕಾಯಂ ಮಾಡುವ ಮಾತನ್ನು ಹಾಡುವವರು ಇನ್ನೂ ಎತ್ತಿಲ್ಲ. ಎರಡು ಕಾರ್ಯಕ್ರಮ ಕೊಟ್ಟಿದ್ದಾರೆ. "ತಾತ, ರಿವರ್ಬ್ ಯಾವಾಗ ಕೊಳ್ಳಲಿ?" ಎಂದು ಅವಳು ಕೇಳುತ್ತಲೇ ಇದ್ದಾಳೆ. ಬೇಸಿಗೆಯ ಬಯಲು ಕಾರ್ಯಕ್ರಮಗಳು ಬರಲಿ, ನಿನ್ನ ಸಂಭಾವನೆಯಲ್ಲೇ ಕೊಳ್ಳುವೆಯಂತೆ ಎಂದಿದ್ದೇನೆ.

ಯಾವ ಕಂಪನಿಯದು ಎಂದು ಕೇಳಬೇಡಿ. ಸ್ವಂತ ಗಿಟಾರನ್ನು ಅಂಗಡಿಗೆ ಒಯ್ಯಿರಿ, ಅಲ್ಲಿನ ಬೆಲೆಬಾಳುವ ಗಿಟಾರಿನಲ್ಲಿ ಪರೀಕ್ಷಿಸಬೇಡಿ. ಜೊತೆಗೆ ಬಂದವರು ಬೆನ್ನು ತಿರುಗಿಸಿ ನಿಲ್ಲಲಿ. ಡಬ್ಬಿ ಯಾವಾಗ ಹೊತ್ತಿತ್ತು, ಯಾವಾಗ ಆರಿತ್ತು ಎಂದು ಅವರು ಹೇಳಲಿ. ಹೊತ್ತಿದ್ದಾಗ ಸದ್ದು ಜೋರಾಗುವುದರಿಂದಲೇ ಅನೇಕ ಡಬ್ಬಿಗಳು ಚೆನ್ನಾಗಿವೆಯೆಂದು ತೋರುತ್ತವೆ. ಎರಡೂ ಸ್ಥಿತಿಗಳ ಜೋರನ್ನು ಸಮಮಾಡಿದ ಮೇಲೆ ಕೇಳಿ.

ಕೊನೆಯದಾಗಿ ವಿದ್ಯುತ್ತಿನ ಮಾತು. ಬಹುತೇಕ ಪೆಡಲುಗಳಿಗೆ ಬೇಕಾದದ್ದು 9 ವೋಲ್ಟ್, ನಡುವಿನ ಪಿನ್ನು ಋಣ. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರನ್ನು ಸಿಕ್ಕಿಸುವ ಮುನ್ನ ಅದರ ಮೈಮೇಲಿನ ಚಿತ್ರ ನೋಡಿ. ಡಿಜಿಟಲ್ ಡಬ್ಬಿಗಳು ನೂರು ಮಿಲಿಆಂಪಿಯರಿಗೂ ಹೆಚ್ಚು ಕುಡಿಯಬಲ್ಲವು, ಒಂದೇ ಅಡಾಪ್ಟರಿಗೆ ನಾಲ್ಕನ್ನು ಪೋಣಿಸಿದರೆ ಹಾಡಿಗಿಂತ ಗುಂಯ್ ಸದ್ದೇ ಜೋರಾದೀತು. ಅದಕ್ಕಿಂತ ಗಂಭೀರವಾದದ್ದು ಅರ್ಥಿಂಗ್. ಹಳೆಯ ಛತ್ರಗಳಲ್ಲೂ ಪೆಂಡಾಲುಗಳಲ್ಲೂ ಮೂರನೆಯ ತೂತಿಗೆ ತಂತಿಯೇ ಇರುವುದಿಲ್ಲ. ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಗುಲಿದಾಗ ಜುಂ ಎನ್ನುವುದು ಇದರಿಂದಲೇ. ಸೌಂಡ್ ಚೆಕ್ಕಿಗೆ ಮೊದಲು ಸಾಕೆಟ್ ಪರೀಕ್ಷಿಸಿ ಎಂದು ಕೇಳಲು ನಾಚಿಕೆ ಬೇಡ, ಟೆಸ್ಟರ್ ಒಂದನ್ನು ಗಿಟಾರಿನ ಚೀಲದಲ್ಲೇ ಇಟ್ಟುಕೊಳ್ಳಿ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿಯಲು ಹೊರಟವರು ಯಾರಾದರೂ ಕಂಡರೆ ನನ್ನ ಹೆಸರು ಹೇಳಿಯೇ ಬೈಯಿರಿ. ಅವರು ನಮ್ಮ ಶಾಲೆಯವರೇ ಆಗಿದ್ದರೆ ಎರಡು ಮಾತು ಹೆಚ್ಚಾಗಿಯೇ ಬೈಯಬಹುದು.